ಕ್ರೈಸ್ತ ಸಭೆಯ ಮೂಲ ಧ್ಯೇಯ

ಕ್ರೈಸ್ತ ಸಭೆ ಇರುವುದು ಯಾತಕ್ಕೆ ಎಂಬ ಪ್ರಶ್ನೆ ಆ ಸಭೆಯಷ್ಟೇ ಹಳೆಯದು. ಯೇಸು ಕ್ರಿಸ್ತನ ಮೂಲಕ ದೇವರು ಮನುಷ್ಯರನ್ನು ಮತ್ತೆ ತನ್ನ ಹತ್ತಿರಕ್ಕೆ ಸೇರಿಸಿಕೊಂಡ ಎಂಬ ಸುವಾರ್ತೆಯನ್ನು ಲೋಕಕ್ಕೆ ತಿಳಿಸುವುದು, ಅದಕ್ಕೆ ತಕ್ಕ ಹಾಗೆ ಒಟ್ಟಾಗಿ ಬಾಳುವುದು – ಇಷ್ಟನ್ನು ಕಥೋಲಿಕರು, ಆರ್ಥಡಾಕ್ಸರು, ಪ್ರಾಟೆಸ್ಟಂಟರು ಎಲ್ಲರೂ ಒಪ್ಪುತ್ತಾರೆ. ಒಪ್ಪಿಗೆ ಅಲ್ಲಿಗೆ ನಿಲ್ಲುತ್ತದೆ. ತಿಳಿಸುವುದೆಂದರೆ ಬಾಯಿಂದ ಸಾರಿ ಜನರನ್ನು ದೀಕ್ಷಾಸ್ನಾನಕ್ಕೆ ಕರೆತರುವುದೇ, ಹಸಿದವರಿಗೆ ಉಣಿಸಿ ರೋಗಿಗಳನ್ನು ನೋಡಿಕೊಳ್ಳುವುದೇ, ಅನ್ಯಾಯದ ವ್ಯವಸ್ಥೆಯನ್ನು ಬದಲಿಸುವುದೇ, ಅಥವಾ ಎಲ್ಲಕ್ಕಿಂತ ಮೊದಲು ದೇವರನ್ನು ಆರಾಧಿಸುವುದೇ? ಪ್ರತಿ ಯುಗವೂ ಇವುಗಳಲ್ಲಿ ಒಂದನ್ನು ಮುಂದಕ್ಕೆ ತಂದು ಮಿಕ್ಕವನ್ನು ಹಿಂದಕ್ಕೆ ಸರಿಸಿದೆ. ದಕ್ಷಿಣ ಆಫ್ರಿಕದ ಧರ್ಮಶಾಸ್ತ್ರಜ್ಞ ಡೇವಿಡ್ ಬಾಷ್ 1991ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಯುಗ ಬದಲಾದಂತೆಲ್ಲ ಸಭೆ ನೆಚ್ಚಿಕೊಂಡ ಬೈಬಲ್ ವಾಕ್ಯವೂ ಬದಲಾದುದನ್ನು ತೋರಿಸಿದ್ದಾರೆ. ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ, ಸಾರುವ ಕೆಲಸವೂ ಸೇವೆಯೂ ಒಂದನ್ನೊಂದು ಬಿಟ್ಟು ಬಹುಕಾಲ ಬಾಳಿಲ್ಲ. ಎರಡಕ್ಕೂ ಹೆಚ್ಚಿನ ಹಾನಿಯಾಗಿರುವುದು ಅವುಗಳ ಬೆನ್ನಿಗೆ ನಿಂತ ರಾಜ್ಯಾಧಿಕಾರ ಮತ್ತು ಹಣದಿಂದ.

ಬೈಬಲಿನ ಆಧಾರಗಳು

ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಪುನರುತ್ಥಾನ ಹೊಂದಿದ ಯೇಸು ಗಲಿಲಾಯದ ಬೆಟ್ಟವೊಂದರಲ್ಲಿ ಹನ್ನೊಂದು ಮಂದಿ ಶಿಷ್ಯರಿಗೆ ಕಾಣಿಸಿಕೊಳ್ಳುತ್ತಾನೆ. ಎಲ್ಲ ಜನಾಂಗಗಳವರನ್ನೂ ಶಿಷ್ಯರನ್ನಾಗಿ ಮಾಡಿ, ದೀಕ್ಷಾಸ್ನಾನ ಕೊಟ್ಟು, ತಾನು ಕಲಿಸಿದ್ದನ್ನೆಲ್ಲ ಅವರಿಗೂ ಕಲಿಸಬೇಕೆಂದು ಅಪ್ಪಣೆ ಕೊಡುತ್ತಾನೆ. ಇಂದು ‘ಮಹಾ ಆಜ್ಞೆ’ ಎಂದು ಹೆಸರಾಗಿರುವುದು ಇದೇ. ಆ ಬೆಟ್ಟದ ಮೇಲಿದ್ದವರಲ್ಲಿ ಕೆಲವರಿಗೆ ಇನ್ನೂ ಸಂಶಯವಿತ್ತು ಎಂಬುದನ್ನು ಮತ್ತಾಯ ಮುಚ್ಚಿಟ್ಟಿಲ್ಲ. ಸಂಶಯಪಡುವವರನ್ನೂ ಕೂಡಿಸಿಕೊಂಡೇ ಆ ಅಪ್ಪಣೆ ಹೊರಟಿತು.

ಲೂಕನ ಸುವಾರ್ತೆ ಆರಂಭದಲ್ಲೇ ಬೇರೊಂದು ಚಿತ್ರ ಕೊಡುತ್ತದೆ. ಯೇಸು ತಾನು ಬೆಳೆದ ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿಯನ್ನು ಬಿಚ್ಚಿ, ಬಡವರಿಗೆ ಶುಭವಾರ್ತೆ, ಸೆರೆಯಾದವರಿಗೆ ಬಿಡುಗಡೆ, ಕುರುಡರಿಗೆ ದೃಷ್ಟಿ ಎಂಬ ಪ್ರವಾದನೆಯನ್ನು ಓದಿ, ಅದು ಈ ಹೊತ್ತೇ ನೆರವೇರಿತೆಂದು ಹೇಳುತ್ತಾನೆ. ಊರಿನವರು ಅವನನ್ನು ಗುಡ್ಡದಿಂದ ದೂಡಲು ಮುಂದಾಗುವಷ್ಟು ಸಿಟ್ಟಾಗುತ್ತಾರೆ. ಯೋಹಾನನ ಸುವಾರ್ತೆಯಲ್ಲಿ ತಂದೆ ತನ್ನನ್ನು ಕಳುಹಿಸಿದ ಹಾಗೆಯೇ ಶಿಷ್ಯರನ್ನೂ ಕಳುಹಿಸುತ್ತೇನೆ ಎನ್ನುವ ಯೇಸು ಅವರಿಗೆ ತನ್ನ ಕೈಯ ಗಾಯಗಳನ್ನು ತೋರಿಸಿದ್ದಾನೆ. ಮತ್ತಾಯನ 25ನೆಯ ಅಧ್ಯಾಯದ ಅಂತಿಮ ನ್ಯಾಯತೀರ್ಪಿನಲ್ಲಿ ವಿಚಾರಣೆಗೆ ಬರುವುದು ಯಾರು ಎಷ್ಟು ಸಾರಿದರು ಎಂಬುದಲ್ಲ. ಹಸಿದವನಿಗೆ ಅನ್ನ ಕೊಟ್ಟೆಯಾ, ಸೆರೆಮನೆಯಲ್ಲಿದ್ದವನನ್ನು ನೋಡಲು ಹೋದೆಯಾ ಎಂಬುದೇ ಅಲ್ಲಿಯ ಪ್ರಶ್ನೆ.

ಈ ನಾಲ್ಕು ಎಳೆಗಳು ಒಂದೇ ಸಮುದಾಯದೊಳಗೆ ಹೇಗೆ ಹೆಣೆದುಕೊಂಡವು ಎಂಬುದಕ್ಕೆ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಯೆರೂಸಲೇಮಿನ ಸಭೆಯಲ್ಲಿ ದಿನವೂ ವಿಧವೆಯರಿಗೆ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗುಣುಗುಟ್ಟುವಿಕೆ ಎದ್ದಿತು. ತಾವು ವಾಕ್ಯೋಪದೇಶವನ್ನು ಬಿಟ್ಟು ಊಟದ ಪಂಕ್ತಿ ನೋಡಿಕೊಳ್ಳುವುದು ತರವಲ್ಲವೆಂದು ಅಪೊಸ್ತಲರು ಆ ಕೆಲಸಕ್ಕೆ ಏಳು ಮಂದಿಯನ್ನು ನೇಮಿಸಿದರು. ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟವರ ಕೈಗೇ ಸೌಟು ಬಂದಿತ್ತು. ಕೆಲಸ ಹೀಗೆ ಹಂಚಿಕೆಯಾದರೂ ಆ ಗೆರೆ ಉಳಿಯಲಿಲ್ಲ. ಬಡಿಸಲು ನೇಮಕವಾದ ಸ್ತೆಫನ ಸಾಕ್ಷಿ ಹೇಳಿ ಕಲ್ಲೇಟಿಗೆ ಸತ್ತ, ಫಿಲಿಪ್ಪ ಸಮಾರ್ಯದಲ್ಲಿ ಸಾರಿದ, ದಾರಿಯಲ್ಲಿ ಸಿಕ್ಕ ಇಥಿಯೋಪಿಯದ ಅಧಿಕಾರಿಗೆ ದೀಕ್ಷಾಸ್ನಾನ ಕೊಟ್ಟ. ಅತ್ತ ದೊಡ್ಡ ಉಪದೇಶಕನಾದ ಪೌಲ ಗ್ರೀಸಿನ ಸಭೆಗಳಿಂದ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಲು ವರ್ಷಗಟ್ಟಲೆ ಶ್ರಮಪಟ್ಟ.

ಮುಂದಿನ ತಿರುವು ಅಂತಿಯೋಕ್ಯದಲ್ಲಿ. ಹಿಂಸೆಗೆ ಹೆದರಿ ಚದುರಿದ ಹೆಸರಿಲ್ಲದ ಜನ ಅಲ್ಲಿ ಯೆಹೂದ್ಯರಲ್ಲದವರಿಗೂ ಸುವಾರ್ತೆ ಹೇಳಿದರು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಿದ್ದದ್ದು ಆ ಊರಿನಲ್ಲಿ. ಹಾಗೆ ಬಂದವರು ಸುನ್ನತಿ ಮಾಡಿಸಿಕೊಂಡು ಯೆಹೂದ್ಯರಾಗಬೇಕೇ ಎಂಬ ವಾದ ಸುಮಾರು 49ರಲ್ಲಿ ಯೆರೂಸಲೇಮಿನ ಕೂಟದ ಮುಂದೆ ಬಂದಾಗ, ಬೇಕಿಲ್ಲವೆಂದು ತೀರ್ಮಾನವಾಯಿತು. ಸಭೆಯ ಧ್ಯೇಯದ ಚರಿತ್ರೆಯಲ್ಲಿ ಇದಕ್ಕಿಂತ ದೂರಗಾಮಿಯಾದ ನಿರ್ಣಯ ಇನ್ನೊಂದಿಲ್ಲ. ಕ್ರಿಸ್ತನನ್ನು ನಂಬಲು ತನ್ನ ಭಾಷೆ, ಉಡುಗೆಯನ್ನು ಬಿಡಬೇಕಿಲ್ಲ ಎಂಬ ತತ್ತ್ವ ಅಲ್ಲಿ ಸಿದ್ಧವಾಯಿತು. ಮುಂದಿನ ಶತಮಾನಗಳಲ್ಲಿ ಸಭೆ ಅದನ್ನು ಮತ್ತೆ ಮತ್ತೆ ಮರೆತು ಮತ್ತೆ ಮತ್ತೆ ನೆನೆಯಬೇಕಾಯಿತು.

ಸಾಮ್ರಾಜ್ಯದ ನೆರಳಿನಲ್ಲಿ

ಮೊದಲ ಮೂರು ಶತಮಾನಗಳಲ್ಲಿ ಸಭೆಗೆ ಮಿಷನ್ ಸಂಸ್ಥೆಗಳಿರಲಿಲ್ಲ. ವರ್ತಕರು, ಸೈನಿಕರು, ಗುಲಾಮರು, ಮನೆಯ ಹೆಂಗಸರು ಹೋದಲ್ಲೆಲ್ಲ ಮಾತು ಹರಡಿತು. ಅನಾಥ ಶವಗಳನ್ನು ಹೂಳುವುದು, ರೋಗ ಹರಡಿದಾಗ ಊರು ಬಿಡದೆ ಆರೈಕೆ ಮಾಡುವುದು ಕ್ರೈಸ್ತರ ಗುರುತಾದವು. ಇದಕ್ಕೆ ಬಲವಾದ ಸಾಕ್ಷ್ಯ ಒದಗಿಸಿದವನು ಅವರ ವಿರೋಧಿ, ಚಕ್ರವರ್ತಿ ಜೂಲಿಯನ್. ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ನೆಲೆಗೊಳಿಸಲು ಹೊರಟಿದ್ದ ಅವನು ಸುಮಾರು 362ರಲ್ಲಿ ತನ್ನ ಪುರೋಹಿತನೊಬ್ಬನಿಗೆ ಬರೆದ ಪತ್ರದಲ್ಲಿ, ಈ ಗಲಿಲಾಯದವರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಾವು ನಾಚಬೇಕು ಎಂಬರ್ಥದ ಮಾತು ಬರೆದಿದ್ದಾನೆ. ಅದಾದ ಕೆಲವೇ ವರ್ಷಗಳಲ್ಲಿ ಕೈಸರೇಯದ ಬಿಷಪ್ ಬೆಸಿಲ್ ಊರಾಚೆ ರೋಗಿಗಳಿಗೂ ಬಡವರಿಗೂ ಕುಷ್ಠರೋಗಿಗಳಿಗೂ ದೊಡ್ಡ ಆಶ್ರಯ ಕಟ್ಟಿಸಿದ. ಆಸ್ಪತ್ರೆಯ ಚರಿತ್ರೆಯನ್ನು ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

313ರಲ್ಲಿ ಕಾನ್‌ಸ್ಟಂಟೈನನ ಕಾಲದಲ್ಲಿ ಸಭೆಗೆ ಮಾನ್ಯತೆ ಸಿಕ್ಕಿತು. 380ರ ಹೊತ್ತಿಗೆ ಅದು ರಾಜ್ಯದ ಧರ್ಮವೇ ಆಯಿತು. ಒತ್ತಾಯದ ಪ್ರಶ್ನೆ ಹುಟ್ಟಿದ್ದು ಈ ಹಂತದಲ್ಲಿ. ಲೂಕನ ಸುವಾರ್ತೆಯ ಔತಣದ ಸಾಮ್ಯದಲ್ಲಿ ಬೀದಿಬೇಲಿಗಳಲ್ಲಿರುವವರನ್ನು ಒತ್ತಾಯಮಾಡಿ ಒಳಗೆ ಕರೆತರಲು ಯಜಮಾನ ಹೇಳುವ ಮಾತಿದೆ. ಉತ್ತರ ಆಫ್ರಿಕದ ಅಗಸ್ಟಿನ್ ಭಿನ್ನಮತೀಯ ಡೊನಾಟಿಸ್ಟರ ವಿರುದ್ಧ ಆ ವಾಕ್ಯವನ್ನು ಬಳಸಿದರು. ಮಧ್ಯಯುಗ ಅದನ್ನು ಎಳೆದಾಡಿ ಬಲಾತ್ಕಾರಕ್ಕೆ ಆಧಾರ ಮಾಡಿಕೊಂಡಿತು. 8ನೆಯ ಶತಮಾನದಲ್ಲಿ ಷಾರ್ಲಮೇನ್ ದೊರೆ ಸ್ಯಾಕ್ಸನ್ನರನ್ನು ಗೆದ್ದು, ದೀಕ್ಷಾಸ್ನಾನ ನಿರಾಕರಿಸಿದವರಿಗೆ ಮರಣದಂಡನೆ ಎಂದು ಕಾನೂನು ಮಾಡಿದ. ಅವನದೇ ಆಸ್ಥಾನದ ವಿದ್ವಾಂಸ ಆಲ್ಕುಯಿನ್, ನಂಬಿಕೆ ಮನಸ್ಸಿನಿಂದ ಬರಬೇಕೇ ಹೊರತು ಬಲವಂತದಿಂದ ಬರುವುದಿಲ್ಲವೆಂದು ಪ್ರತಿಭಟಿಸಿದ. ಸಭೆಯ ಚರಿತ್ರೆಯಲ್ಲಿ ಇಂಥ ಪ್ರತಿಭಟನೆಯ ದನಿ ಯಾವ ಕಾಲದಲ್ಲೂ ಪೂರಾ ಅಡಗಿರಲಿಲ್ಲ, ಆದರೆ ಅದು ಗೆದ್ದ ಸಂದರ್ಭಗಳು ಕಡಿಮೆ ಎಂಬುದನ್ನು ಹೇಳಲೇಬೇಕು.

ಇದೇ ಕಾಲದಲ್ಲಿ ಬೇರೆ ದಾರಿಗಳೂ ಇದ್ದವು. 601ರಲ್ಲಿ ಪೋಪ್ ಗ್ರೆಗರಿ ಇಂಗ್ಲೆಂಡಿಗೆ ಹೊರಟವರಿಗೆ, ಅಲ್ಲಿಯ ಗುಡಿಗಳನ್ನು ಕೆಡವದೆ ಶುದ್ಧಮಾಡಿ ಬಳಸಿಕೊಳ್ಳಿ, ಜನರ ಹಬ್ಬಗಳನ್ನು ಕಿತ್ತುಕೊಳ್ಳಬೇಡಿ ಎಂದು ಸೂಚಿಸಿದರು. ವಿಗ್ರಹಗಳನ್ನು ಮಾತ್ರ ಉಳಿಸಬಾರದೆಂದರು. 863ರಲ್ಲಿ ಮೊರೇವಿಯಕ್ಕೆ ಹೋದ ಸಿರಿಲ್ ಮತ್ತು ಮೆಥೋಡಿಯಸ್ ಸಹೋದರರು ಸ್ಲಾವ್ ಭಾಷೆಗೆ ಲಿಪಿ ಕೊಟ್ಟು ಆರಾಧನೆಯನ್ನು ಆ ಭಾಷೆಯಲ್ಲೇ ನಡೆಸಿದರು. ರೋಮಿನ ಸೇನೆಯ ಹಂಗಿಲ್ಲದೆ ಪೂರ್ವಕ್ಕೆ ಬೆಳೆದ ಸಿರಿಯಾಕ್ ಪರಂಪರೆಯ ಸಭೆ 635ರಲ್ಲಿ ಚೀನದ ರಾಜಧಾನಿಯನ್ನು ಮುಟ್ಟಿತ್ತು. ಕೇರಳದಲ್ಲಿ ಅದರ ನೆಲೆಗೆ 849ರ ಕೊಲ್ಲಂ ತಾಮ್ರಪಟಗಳು ಸಾಕ್ಷಿ. ಶಿಲುಬೆಯುದ್ಧದ ನಡುವೆ, 1219ರಲ್ಲಿ, ಅಸ್ಸಿಸಿಯ ಫ್ರಾನ್ಸಿಸ್ ಆಯುಧವಿಲ್ಲದೆ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್‌ನ ಪಾಳೆಯಕ್ಕೆ ಹೋಗಿ ಮಾತಾಡಿ ಜೀವಸಹಿತ ಮರಳಿದ್ದೂ ಉಂಟು.

ಹಡಗುಗಳ ಯುಗ

15ನೆಯ ಶತಮಾನದ ಕೊನೆಯಿಂದ ಸ್ಪೇನ್ ಮತ್ತು ಪೋರ್ಚುಗಲ್ ದೊರೆಗಳಿಗೆ ಹೊಸ ಭೂಭಾಗಗಳ ಜೊತೆಗೆ ಅಲ್ಲಿಯ ಸಭೆಯ ಪೋಷಣೆಯ ಹಕ್ಕೂ ಪೋಪರಿಂದ ದೊರೆಯಿತು. ಸಾರುವವನು ಗೆದ್ದವನ ಹಡಗಿನಲ್ಲೇ ಬಂದ. ಅಮೆರಿಕದ ಮೂಲನಿವಾಸಿಗಳ ಮೇಲಿನ ಕ್ರೌರ್ಯವನ್ನು ಕಂಡ ಡೊಮಿನಿಕನ್ ಗುರು ಬಾರ್ತೊಲೊಮೆ ದೆ ಲಾಸ್ ಕಾಸಾಸ್ 1550–51ರಲ್ಲಿ ವಾಯ್ಯದೊಲಿದ್‌ನಲ್ಲಿ ರಾಜ ನೇಮಿಸಿದ ಪಂಡಿತರ ಮಂಡಳಿಯ ಮುಂದಿನ ವಾದದಲ್ಲಿ ಅವರ ಪರವಾಗಿ ನಿಂತರು. ಗೋವಕ್ಕೆ 1542ರಲ್ಲಿ ಬಂದ ಫ್ರಾನ್ಸಿಸ್ ಝೇವಿಯರ್ ಹತ್ತು ವರ್ಷಗಳಲ್ಲಿ ಜಪಾನಿನವರೆಗೆ ಓಡಾಡಿದರು. ಅದೇ ಗೋವದಲ್ಲಿ 1560ರಿಂದ ನಡೆದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆ ಮತಾಂತರಗೊಂಡವರ ಮನೆಯೊಳಗಿನ ಆಚಾರವಿಚಾರವನ್ನೂ ಬೆನ್ನಟ್ಟಿತು. ಕರಾವಳಿ ಕರ್ನಾಟಕದ ಕೊಂಕಣಿ ಕಥೋಲಿಕರಲ್ಲಿ ಬಹುಪಾಲು ಮನೆತನಗಳ ಮೂಲ ಗೋವದಿಂದ ದಕ್ಷಿಣಕ್ಕೆ ಬಂದ ವಲಸೆಗಳಲ್ಲಿದೆ. ಯುದ್ಧ, ಬರಗಾಲ, ತೆರಿಗೆಗಳ ಜೊತೆಗೆ ಈ ವಿಚಾರಣೆಯ ಭಯವೂ ಅದಕ್ಕೆ ಒಂದು ಕಾರಣ.

ಇದಕ್ಕೆ ಎದುರಾದ ದಾರಿ ಹಿಡಿದವರು ಯೇಸುಸಭೆಯ (ಜೆಸ್ಯೂಟ್ ಸಂಘದ) ಕೆಲವು ಗುರುಗಳು. ಚೀನದಲ್ಲಿ ಮತ್ತೆಯೊ ರಿಚ್ಚಿ ಪಂಡಿತರ ವೇಷ, ಭಾಷೆ, ಶಾಸ್ತ್ರಗಳನ್ನು ಕಲಿತರು. 1606ರಲ್ಲಿ ಮಧುರೆಗೆ ಬಂದ ರೊಬೆರ್ತೊ ದೆ ನೊಬಿಲಿ ಕಾವಿ ಉಟ್ಟು, ಸಸ್ಯಾಹಾರಿಯಾಗಿ, ಸಂಸ್ಕೃತ ಮತ್ತು ತಮಿಳು ಓದಿದರು. ಅದೇ ಮಾದರಿಯಲ್ಲಿ 17ನೆಯ ಶತಮಾನದ ನಡುವಿನಲ್ಲಿ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. 1622ರಲ್ಲಿ ರೋಮಿನಲ್ಲಿ ಸ್ಥಾಪಿತವಾದ ಸುವಾರ್ತಾ ಪ್ರಸಾರ ಪೀಠವು 1659ರಲ್ಲಿ ತನ್ನವರಿಗೆ ಕೊಟ್ಟ ಸೂಚನೆ ಇಂದಿಗೂ ಓದಬೇಕಾದದ್ದು: ಜನರ ಆಚಾರಗಳು ಧರ್ಮಕ್ಕೂ ನೀತಿಗೂ ನೇರ ವಿರುದ್ಧವಾಗಿರದಿದ್ದರೆ ಮುಟ್ಟಬೇಡಿ, ಯೂರೋಪನ್ನು ಹೊತ್ತುಕೊಂಡು ಹೋಗಬೇಡಿ ಎಂಬುದು ಅದರ ತಿರುಳು. ಆದರೆ ಚೀನದ ಪಿತೃಪೂಜೆಯ ಕುರಿತ ಜಗಳದಲ್ಲಿ 18ನೆಯ ಶತಮಾನದ ಪೋಪರು ಕಟ್ಟುನಿಟ್ಟಿನ ಪಕ್ಷ ವಹಿಸಿದರು. ಆ ನಿಷೇಧ ಸಡಿಲವಾದದ್ದು 1939ರಲ್ಲಿ. ನೊಬಿಲಿಯ ಮಾರ್ಗಕ್ಕೂ ಒಂದು ಬೆಲೆಯಿತ್ತು. ಬ್ರಾಹ್ಮಣರ ರೀತಿಯನ್ನು ಒಪ್ಪಿಕೊಂಡಾಗ ಜಾತಿಯ ತಾರತಮ್ಯವೂ ಸಭೆಯೊಳಗೆ ಬಂದು ಕೂತಿತು.

ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಗುರು ಅಬ್ಬೆ ದ್ಯುಬ್ವಾ ಸಿಡುಬಿನ ಲಸಿಕೆ ಹಾಕಿಸುವುದರಲ್ಲಿ ಮುಂದಾಗಿದ್ದರು. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಅವರು, ಭಾರತದಲ್ಲಿ ಮತಾಂತರದ ಕೆಲಸ ಸಫಲವಾಗುವ ಆಸೆ ತಮಗಿಲ್ಲವೆಂದು ಬರೆದದ್ದು ಯೂರೋಪಿನಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು.

ಪ್ರಾಟೆಸ್ಟಂಟರ ತಡವಾದ ಆರಂಭ

1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಕಟಣೆಯ ಪ್ರಕಾರ ಸುವಾರ್ತೆಯನ್ನು ಶುದ್ಧವಾಗಿ ಬೋಧಿಸುವ, ಸಂಸ್ಕಾರಗಳನ್ನು ಸರಿಯಾಗಿ ನಡೆಸುವ ಕಡೆ ಸಭೆ ಇರುತ್ತದೆ. ಹೊರಗೆ ಕಳುಹಿಸುವ ಮಾತು ಆ ವ್ಯಾಖ್ಯೆಯಲ್ಲಿಲ್ಲ. ಲೋಕಕ್ಕೆಲ್ಲ ಸಾರುವ ಅಪ್ಪಣೆ ಅಪೊಸ್ತಲರ ಕಾಲಕ್ಕೇ ಮುಗಿಯಿತೆಂದು ಬಹಳ ಮಂದಿ ಪ್ರಾಟೆಸ್ಟಂಟ್ ಪಂಡಿತರು ಎರಡು ಶತಮಾನ ನಂಬಿದ್ದರು. ಜರ್ಮನಿಯ ಭಕ್ತಿಪಂಥೀಯರು ಈ ಮೌನ ಮುರಿದರು. 1706ರಲ್ಲಿ ತರಂಗಂಬಾಡಿಗೆ ಬಂದ ಸೀಗನ್‌ಬಾಲ್ಗ್ 1715ರ ಹೊತ್ತಿಗೆ ತಮಿಳು ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದರು. 1732ರಿಂದ ಮೊರೇವಿಯನ್ ಸಭೆಯ ಸಾಮಾನ್ಯ ಕಸುಬುದಾರರು ಕೆರಿಬಿಯನ್ ದ್ವೀಪಗಳ ಗುಲಾಮರ ನಡುವೆ ಹೋಗಿ ನೆಲೆಸಿದರು. ಚಪ್ಪಲಿ ಹೊಲಿಯುವ ಕೆಲಸ ಕಲಿತಿದ್ದ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಬೋಧಕ ವಿಲಿಯಂ ಕೇರಿ 1792ರ ತಮ್ಮ ಕಿರುಹೊತ್ತಗೆಯಲ್ಲಿ, ಮತ್ತಾಯನ ಕೊನೆಯ ಅಧ್ಯಾಯದ ಅಪ್ಪಣೆ ಇಂದಿನ ನಮಗೂ ಅನ್ವಯಿಸುತ್ತದೆಂದು ವಾದಿಸಿ, ಲೋಕದ ದೇಶಗಳ ಜನಸಂಖ್ಯೆ ಮತ್ತು ಧರ್ಮಗಳ ಪಟ್ಟಿಯನ್ನೇ ಮುಂದಿಟ್ಟರು. ಆ ವಾಕ್ಯ ಸಭೆಯ ಧ್ಯೇಯದ ನಟ್ಟನಡುವೆ ಬಂದು ಕೂತದ್ದು ಈ ಪುಸ್ತಕದ ನಂತರ. ಮೂರು ದಶಕಗಳೊಳಗೆ ಲಂಡನ್ ಮಿಷನ್, ಚರ್ಚ್ ಮಿಷನ್, ಬಾಸೆಲ್ ಮಿಷನ್ ಮೊದಲಾದ ಸಂಸ್ಥೆಗಳು ಎದ್ದವು. ಕನ್ನಡ ನಾಡಿಗೆ ಬಂದ ಮೊದಲ ಪ್ರಾಟೆಸ್ಟಂಟ್ ಮಿಷನರಿಗಳಲ್ಲಿ ಒಬ್ಬರಾದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಸಿ ಬೈಬಲನ್ನು ಕನ್ನಡಕ್ಕೆ ತರಲು ತೊಡಗಿದರು.

ಮಂಗಳೂರು: ಧ್ಯೇಯದ ಒಂದು ಪರೀಕ್ಷೆ

ತತ್ತ್ವದಲ್ಲಿ ಸುಲಭವಾಗಿ ಹೇಳುವ ಧ್ಯೇಯ ನೆಲದ ಮೇಲೆ ಏನೇನಾಗುತ್ತದೆ ಎಂಬುದನ್ನು ನೋಡಲು ಬಾಸೆಲ್ ಮಿಷನ್ನಿನ ಮಂಗಳೂರು ಕೇಂದ್ರ ಒಳ್ಳೆಯ ಜಾಗ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, 1834ರಲ್ಲಿ ಇಲ್ಲಿಗೆ ಬಂದರು. ಅವರ ಉದ್ದೇಶ ಸರಳವಾಗಿತ್ತು: ಸಾರುವುದು, ಶಾಲೆ ತೆರೆಯುವುದು, ಸಭೆ ಕಟ್ಟುವುದು. 1844ರ ಜನವರಿಯಲ್ಲಿ ಮಿಷನರಿ ಹರ್ಮನ್ ಮೋಗ್ಲಿಂಗರ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ, ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಕೋಲಾಹಲವೆದ್ದಿತು. ಅವರು ಬಾಸೆಲಿನಲ್ಲಿ ಓದಿ ಬಂದು ಮಿಷನರಿಯಾಗಿಯೇ ದುಡಿದರು. ಆದರೆ ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು ಮತ್ತು ಇತರ ಬಡ ಸಮುದಾಯದವರು. ದೀಕ್ಷಾಸ್ನಾನದ ಮರುದಿನ ಅವರ ಮುಂದಿದ್ದ ಪ್ರಶ್ನೆ ಬಹಳ ಲೌಕಿಕವಾದದ್ದು. ಕುಟುಂಬದ ಆಸ್ತಿಯಲ್ಲಿ ಪಾಲಿಲ್ಲ, ಧಣಿಗಳ ಗದ್ದೆಯಲ್ಲಿ ಜಾಗವಿಲ್ಲ, ಶೇಂದಿ ಇಳಿಸುವ ಕಸುಬನ್ನು ಮಿಷನ್ ಒಪ್ಪುವುದಿಲ್ಲ. ಊಟ ಎಲ್ಲಿಂದ ಬರಬೇಕು?

ಯೆರೂಸಲೇಮಿನ ಊಟದ ಪಂಕ್ತಿಯ ಸಮಸ್ಯೆ ಮಂಗಳೂರಿನಲ್ಲಿ ಕಾರ್ಖಾನೆಗಳಿಗೆ ದಾರಿ ಮಾಡಿತು. 1841ರಲ್ಲಿ ಮುದ್ರಣಾಲಯ ತೆರೆಯಿತು. ಕೃಷಿ, ಬಡಗಿತನ ಮುಂತಾದ ಪ್ರಯತ್ನಗಳಲ್ಲಿ ಕೆಲವು ಕೈಗೂಡಲಿಲ್ಲ, ನೇಯ್ಗೆ ಕೈಹಿಡಿಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ನೇತ್ರಾವತಿಯ ದಂಡೆಯ ಜೇಡಿಮಣ್ಣು ಅಚ್ಚಿಗೆ ಬಿದ್ದು, ಒತ್ತಿಸಿಕೊಂಡು, ಗೂಡಿನಲ್ಲಿ ಬೆಂದು, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಕೆಂಪು ಹೆಂಚಾಗಿ ಹೊರಬಂತು. ಹಿಂಬದಿಯಲ್ಲಿ ಬಾಸೆಲ್ ಮಿಷನ್ನಿನ ಮುದ್ರೆ. ಮುಳಿಹುಲ್ಲಿನ ಮಾಡು ಪ್ರತಿ ವರ್ಷ ಹೊದೆಸಬೇಕಿತ್ತು, ಕಿಡಿ ಬಿದ್ದರೆ ಸುಡುತ್ತಿತ್ತು. ಮಂಗಳೂರು ಹೆಂಚು ಆ ಎರಡು ತೊಂದರೆಗಳನ್ನೂ ತಪ್ಪಿಸಿ ಕರಾವಳಿಯ ಊರುಗಳ ಬಣ್ಣವನ್ನೇ ಬದಲಿಸಿತು. ಆಮೇಲೆ ಕುದ್ರೋಳಿ, ಕೋಯಿಕ್ಕೋಡು, ಫರೋಕ್‌ಗಳಲ್ಲೂ ಕಾರ್ಖಾನೆಗಳೆದ್ದವು. ಜಾತಿ ನೋಡದೆ ಒಂದೇ ಸೂರಿನಡಿ ಕೆಲಸ, ಗಂಟೆ ಹೊಡೆದು ಸಮಯಪಾಲನೆ, ಕೂಲಿಯ ಲೆಕ್ಕ, ಕೆಲಸ ಕಲಿತು ಬೇರೆಡೆ ದುಡಿಯುವ ಧೈರ್ಯ, ಇವೆಲ್ಲ ಬಂದವು.

ಇದು ಸುವಾರ್ತೆಯ ಕೆಲಸವೋ ವ್ಯಾಪಾರವೋ ಎಂಬ ಜಗಳ ಬಾಸೆಲಿನ ಕಮಿಟಿಯೊಳಗೇ ದಶಕಗಟ್ಟಲೆ ನಡೆಯಿತು. ಜಗಳಕ್ಕೆ ಕಾರಣವಿತ್ತು. ಕೂಲಿ ಕೊಡುವವನೂ ಕರ್ತನ ಭೋಜನ ಬಡಿಸುವವನೂ ಒಂದೇ ಸಂಸ್ಥೆಯವರಾದಾಗ, ಸಭೆಯ ಶಿಸ್ತಿಗೂ ಕಾರ್ಖಾನೆಯ ಶಿಸ್ತಿಗೂ ನಡುವಿನ ಗೆರೆ ಮಾಸುತ್ತದೆ. ಬಡವನ ನಂಬಿಕೆ ಅವನದೇ ಎಂದು ಹೇಳುವುದು ಕಷ್ಟವಾಗುತ್ತದೆ, ಅದು ಅವನದೇ ಆಗಿದ್ದಾಗಲೂ. ಈ ಪಾಡು ಮಿಷನ್ನಿನ ಕೆಟ್ಟತನದಿಂದ ಬಂದದ್ದಲ್ಲ. ಜನ ಹಸಿದಿರುವಾಗ ಬರೀ ಉಪದೇಶ ಹೇಳಿ ಮನೆಗೆ ಕಳುಹಿಸಿದ್ದರೆ ಅದು ಇನ್ನೂ ದೊಡ್ಡ ದ್ರೋಹವಾಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಉದ್ಯಮಗಳನ್ನು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಕೊಟ್ಟಿತು. ಕಾರ್ಖಾನೆ ಕೈಬಿಟ್ಟ ಮೇಲೂ ಸಭೆ ಉಳಿಯಿತು.

ಮುದ್ರಣಾಲಯದ ಕಥೆ ಇನ್ನೊಂದು ಪ್ರಶ್ನೆ ಎತ್ತುತ್ತದೆ. ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಸಂಗ್ರಹಿಸಿ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಫರ್ಡಿನಾಂಡ್ ಕಿಟೆಲ್ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ಬರೆದರು, ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದರು, 1894ರಲ್ಲಿ ನಿಘಂಟನ್ನು ಹೊರತಂದರು. ಪಂಡಿತರ ಜೊತೆ ಕೂತು ಹಳಗನ್ನಡ ಓದುವ ಈ ಮನುಷ್ಯ ಸುವಾರ್ತೆ ಸಾರುವುದು ಯಾವಾಗ ಎಂದು ಮಿಷನ್ನಿನವರೇ ಬೇಸರಪಟ್ಟಿದ್ದರು. ಆದರೆ ಯೆರೂಸಲೇಮಿನ ಕೂಟದ ನಿರ್ಣಯವನ್ನು ಮನಸ್ಸಿಟ್ಟು ಓದಿದವರಿಗೆ ಕಿಟೆಲರ ದಾರಿ ಧ್ಯೇಯದಿಂದ ಹೊರಗಿನದಾಗಿ ಕಾಣುವುದಿಲ್ಲ. ಒಂದು ಜನದ ಭಾಷೆಯನ್ನು ಅಷ್ಟು ಗೌರವದಿಂದ ಕಲಿಯುವುದು ಆ ಜನವನ್ನು ಪ್ರೀತಿಸುವ ಒಂದು ರೀತಿ.

ಚರಿತ್ರೆಯ ಪುಸ್ತಕಗಳಲ್ಲಿ ಯೂರೋಪಿನ ಹೆಸರುಗಳೇ ಉಳಿದವು. ಹಳ್ಳಿಹಳ್ಳಿ ನಡೆದವರು ಸ್ಥಳೀಯ ಉಪದೇಶಿಗಳು. ಮನೆಗಳ ಒಳಾಂಗಣಕ್ಕೆ ಹೋಗಿ ಹೆಂಗಸರಿಗೆ ಓದು ಕಲಿಸಿದವರು ‘ಬೈಬಲ್ ಸ್ತ್ರೀ’ಯರು. ಅವರ ಸಂಬಳ ಕಡಿಮೆ, ವರದಿಗಳಲ್ಲಿ ಅವರಿಗೆ ಸಿಕ್ಕ ಜಾಗ ಇನ್ನೂ ಕಡಿಮೆ. ಅದೇ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಹೋಮಿಯೋಪತಿ ಔಷಧಿ ಕೊಡುವುದರಿಂದ ಶುರುಮಾಡಿ ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿದರು. ಇಂದು ಅದು ದೊಡ್ಡ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು.

1910ರ ನಂತರದ ಮರುಚಿಂತನೆ

1910ರ ಜೂನಿನಲ್ಲಿ ಎಡಿನ್‌ಬರೋದಲ್ಲಿ ಸೇರಿದ ಜಾಗತಿಕ ಮಿಷನರಿ ಸಮ್ಮೇಳನಕ್ಕೆ ಸುಮಾರು 1,200 ಪ್ರತಿನಿಧಿಗಳು ಬಂದಿದ್ದರು. ಏಷ್ಯದವರು ಬೆರಳೆಣಿಕೆಯಷ್ಟು, ಕಥೋಲಿಕರಿಗೂ ಆರ್ಥಡಾಕ್ಸರಿಗೂ ಅಲ್ಲಿ ಜಾಗವಿರಲಿಲ್ಲ. ಒಂದು ತಲೆಮಾರಿನೊಳಗೆ ಲೋಕಕ್ಕೆಲ್ಲ ಸಾರಿಬಿಡಬಹುದೆಂಬ ಉತ್ಸಾಹದ ನಡುವೆ ತಮಿಳುನಾಡಿನ ವಿ.ಎಸ್. ಅಜರಯ್ಯ ಎದ್ದು, ಮಿಷನರಿಗಳು ತ್ಯಾಗ ಮಾಡಿದ್ದಾರೆ, ಹಣ ಕೊಟ್ಟಿದ್ದಾರೆ, ಆದರೆ ಭಾರತದ ಕ್ರೈಸ್ತರಿಗೆ ಬೇಕಾಗಿರುವುದು ಸರಿಸಮಾನರ ಸ್ನೇಹ ಎಂದು ನೇರವಾಗಿ ಹೇಳಿದರು. ಸಭೆಯ ಧ್ಯೇಯ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಆ ಭಾಷಣದಿಂದ ತೆರೆದುಕೊಂಡಿತು. ಎರಡು ವರ್ಷದ ನಂತರ ಅವರು ದೋರ್ನಕಲ್ಲಿನ ಬಿಷಪ್ ಆದರು. ಪಂಥಗಳಾಗಿ ಒಡೆದವರು ಒಂದೇ ಕ್ರಿಸ್ತನನ್ನು ಸಾರುವುದು ಹೇಗೆಂಬ ಅವರ ಕಾಲದವರ ಸಂಕಟದಿಂದ 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಅದರಲ್ಲಿ ಒಂದಾದವು. ಬಾಸೆಲ್ ಮಿಷನ್ನಿನಿಂದ ಬೆಳೆದ ಸಭೆಗಳಲ್ಲೂ ಬಹುಪಾಲು ಇಂದು ಅದರ ಭಾಗ.

1952ರಲ್ಲಿ ಜರ್ಮನಿಯ ವಿಲ್ಲಿಂಗೆನ್ನಿನಲ್ಲಿ ನಡೆದ ಮಿಷನರಿ ಸಮ್ಮೇಳನಕ್ಕೆ ಸೇರಿದವರ ಮುಂದೆ ಚೀನದಿಂದ ಹೊರದೂಡಿಸಿಕೊಂಡ ಮಿಷನರಿಗಳಿದ್ದರು. ಅಲ್ಲಿಂದ ಹೊರಟ ವಿಚಾರ, ಧ್ಯೇಯ ಸಭೆಯದ್ದಲ್ಲ, ದೇವರದ್ದು, ಸಭೆ ಅದರಲ್ಲಿ ಪಾಲುಗಾರ ಮಾತ್ರ ಎಂಬುದು. ಈ ವಿಚಾರವನ್ನು ರೂಪಿಸಿದವರಲ್ಲಿ ಪ್ರಮುಖರಾದ ಕಾರ್ಲ್ ಹಾರ್ಟೆನ್‌ಸ್ಟೈನ್ ಅದಕ್ಕೆ ಮೊದಲು ಬಾಸೆಲ್ ಮಿಷನ್ನಿನ ನಿರ್ದೇಶಕರಾಗಿದ್ದವರು. ಕಥೋಲಿಕ ಧರ್ಮಸಭೆ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ (1962–65) ಇದಕ್ಕೆ ಹತ್ತಿರವಾದ ಮಾತನ್ನೇ ಹೇಳಿತು. ಸಾರುವುದು ಸಭೆಯ ಇಲಾಖೆಯಲ್ಲ, ಅದರ ಸ್ವಭಾವವೇ ಎಂದಿತು. ಆರಾಧನೆ ಜನಭಾಷೆಗೆ ಬಂತು. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರದಲ್ಲಿ ಡಿ.ಎಸ್. ಅಮಲೋರ್ಪವದಾಸ್ ಆರತಿ, ದೀಪ, ನೆಲದ ಮೇಲೆ ಕೂರುವ ಪೂಜಾಕ್ರಮಗಳನ್ನು ಪರಿಚಯಿಸಿದರು. ಮೆಚ್ಚಿದವರಷ್ಟೇ ಕೆರಳಿದವರೂ ಇದ್ದರು.

ಲ್ಯಾಟಿನ್ ಅಮೆರಿಕದಲ್ಲಿ ನಜರೇತಿನ ಸಭಾಮಂದಿರದ ಓದು ಮತ್ತೆ ಜೀವ ತಳೆಯಿತು. 1968ರ ಮೆಡೆಲ್ಲಿನ್ ಬಿಷಪರ ಸಮ್ಮೇಳನ, 1971ರಲ್ಲಿ ಪೆರುವಿನ ಗುಸ್ತಾವೊ ಗುಟಿಯೆರೆಸ್ ಪ್ರಕಟಿಸಿದ ವಿಮೋಚನಾ ಧರ್ಮಶಾಸ್ತ್ರದ ಗ್ರಂಥ, 1980ರಲ್ಲಿ ಪೂಜೆಯ ವೇಳೆ ಗುಂಡಿಗೆ ಬಲಿಯಾದ ಎಲ್ ಸಾಲ್ವಡಾರಿನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ, ಇವು ಅದರ ಗುರುತುಗಳು. ಭಾರತದಲ್ಲಿ ಈ ಚಿಂತನೆ ಜಾತಿಯನ್ನು ಎದುರಿಸಬೇಕಾಯಿತು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ್ ನಿರ್ಮಲ್ ಮಂಡಿಸಿದ ವಿಚಾರಗಳಿಂದ ದಲಿತ ಧರ್ಮಶಾಸ್ತ್ರ ಬೆಳೆಯಿತು. ಭಾರತದ ಕ್ರೈಸ್ತರಲ್ಲಿ ದೊಡ್ಡ ಪಾಲು ದಲಿತರಾಗಿರುವಾಗ, ಸ್ಮಶಾನದಲ್ಲೂ ಬೆಂಚಿನಲ್ಲೂ ಜಾತಿ ಉಳಿಸಿಕೊಂಡ ಸಭೆ ಹೊರಗಿನವರಿಗೆ ಬಿಡುಗಡೆ ಸಾರುವುದು ಹೇಗೆ ಎಂಬುದು ಅದರ ಮುಖ್ಯ ಪ್ರಶ್ನೆ. ಅದು ಇಂದಿಗೂ ಉತ್ತರ ಕಾಯುತ್ತಿದೆ.

ಸಾರುವಿಕೆಗೇ ಪ್ರಾಧಾನ್ಯವೆಂದ ಸುವಾರ್ತಾವಾದಿಗಳು 1974ರಲ್ಲಿ ಸ್ವಿಟ್ಜರ್ಲೆಂಡಿನ ಲಾಸೇನ್‌ನಲ್ಲಿ ಸೇರಿದರು. ರೆನೆ ಪಡಿಲ್ಲ, ಸ್ಯಾಮುಯೆಲ್ ಎಸ್ಕೊಬಾರ್ ಎಂಬ ಲ್ಯಾಟಿನ್ ಅಮೆರಿಕದವರ ಒತ್ತಾಯ ಮತ್ತು ಜಾನ್ ಸ್ಟಾಟರ ಕರಡಿನಿಂದಾಗಿ, ಸುವಾರ್ತೆ ಸಾರುವುದೂ ಸಾಮಾಜಿಕ ಹೊಣೆಯೂ ಎರಡೂ ಕ್ರೈಸ್ತನ ಕರ್ತವ್ಯವೆಂದು ಆ ಕೂಟ ಒಪ್ಪಿತು. ಆರ್ಥಡಾಕ್ಸ್ ಪರಂಪರೆ ಈ ಎಳೆದಾಟವನ್ನು ಸ್ವಲ್ಪ ದೂರದಿಂದ ನೋಡಿದೆ. ಅವರಿಗೆ ಸಭೆಯ ನಡುಕೇಂದ್ರ ಬಲಿಪೂಜೆ. ಅದು ಮುಗಿದು ಬಾಗಿಲಾಚೆ ಕಾಲಿಟ್ಟಾಗ ಅದರ ಮುಂದುವರಿಕೆಯಾಗಿ ಸೇವೆ ಶುರುವಾಗುತ್ತದೆಂದು ರುಮೇನಿಯದ ಅಯಾನ್ ಬ್ರಿಯ ವಿವರಿಸಿದ್ದಾರೆ.

ಈ ನಡುವೆ ಸಭೆಯ ಭೂಗೋಳವೇ ಬದಲಾಗಿದೆ. 1910ರಲ್ಲಿ ಲೋಕದ ಕ್ರೈಸ್ತರಲ್ಲಿ ಸುಮಾರು ಮೂರನೆಯ ಎರಡು ಭಾಗ ಯೂರೋಪಿನಲ್ಲಿದ್ದರು. ಒಂದು ಶತಮಾನದಲ್ಲಿ ಆ ಪಾಲು ಕಾಲು ಭಾಗಕ್ಕೆ ಇಳಿಯಿತು. ನಾಗಾಲ್ಯಾಂಡ್, ಮಿಜೋರಾಂ, ಕೊರಿಯ, ನೈಜೀರಿಯಗಳಿಂದ ಈಗ ಮಿಷನರಿಗಳು ಹೊರಡುತ್ತಾರೆ.

ಮತಾಂತರ ಮತ್ತು ಆತ್ಮಸ್ವಾತಂತ್ರ್ಯ

ಭಾರತದಲ್ಲಿ ಸಭೆಯ ಧ್ಯೇಯದ ಮಾತು ಬಂದ ಕೂಡಲೇ ಮತಾಂತರದ ಮಾತು ಬರುತ್ತದೆ. ಶಾಲೆ, ಔಷಧಿಗಳನ್ನು ಧರ್ಮ ಬದಲಿಸುವ ಸಾಧನವಾಗಿ ಬಳಸುವುದಕ್ಕೆ ಗಾಂಧೀಜಿ ಕೊನೆಯವರೆಗೂ ವಿರೋಧವಾಗಿದ್ದರು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವುದರ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿತು. 1977ರ ಸ್ಟೇನಿಸ್‌ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ತೀರ್ಪು ಕೊಟ್ಟಿತು.

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯ ಬದುಕಿನಲ್ಲಿ ಈ ಸಮಸ್ಯೆ ತೀಕ್ಷ್ಣವಾಗಿ ಕಾಣುತ್ತದೆ. ಸಂಸ್ಕೃತ ವಿದುಷಿಯಾಗಿ ಹೆಸರಾಗಿದ್ದ ಅವರು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನದಲ್ಲಿ ಹುಡುಗಿಯರು ತಮ್ಮ ಆಚಾರಗಳನ್ನು ಪಾಲಿಸಲು ಅಡ್ಡಿಯಿರಲಿಲ್ಲ. ಆದರೆ ರಮಾಬಾಯಿ ತಮ್ಮ ಪ್ರಾರ್ಥನೆಯನ್ನು ಬಾಗಿಲು ತೆರೆದೇ ಮಾಡುತ್ತಿದ್ದರು. ಕೆಲವು ಹುಡುಗಿಯರು ಬಂದು ಕೂತರು. 1893ರಲ್ಲಿ ದೊಡ್ಡ ಗದ್ದಲವೆದ್ದು ಸಮಾಜ ಸುಧಾರಕರಾದ ರಾನಡೆ, ಭಂಡಾರ್ಕರ್ ಮುಂತಾದವರು ಸದನದ ಸಲಹಾ ಮಂಡಳಿ ಬಿಟ್ಟರು, ಪೋಷಕರು ಅನೇಕ ಹುಡುಗಿಯರನ್ನು ಕರೆದೊಯ್ದರು. ಬಾಗಿಲು ಮುಚ್ಚಿಕೊಳ್ಳಬೇಕಿತ್ತೇ? ಆಸರೆ ಬೇಡಿ ಬಂದ ಎಳೆಯ ವಿಧವೆಗೆ ಆಸರೆ ಕೊಟ್ಟವಳ ನಂಬಿಕೆ ಕಣ್ಣಿಗೆ ಬೀಳುವುದೇ ಒಂದು ಒತ್ತಡವಲ್ಲವೇ? ಹಾಗಂತ ನಂಬಿದವಳು ತನ್ನ ನಂಬಿಕೆಯನ್ನು ಬಚ್ಚಿಟ್ಟುಕೊಂಡು ಸೇವೆ ಮಾಡಬೇಕೇ? ಎರಡೂ ಕಡೆ ಪ್ರಾಮಾಣಿಕರಿದ್ದರು. ಬೇಡವೆನ್ನುವ ಹುಡುಗಿಗೂ ಅಷ್ಟೇ ಅನ್ನ, ಅಷ್ಟೇ ಪಾಠ, ಅಷ್ಟೇ ಪ್ರೀತಿ ಸಿಕ್ಕಿತೇ ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆಯೆಂದು ತೋರುತ್ತದೆ.

ನಂಬಿಕೆಯಲ್ಲಿ ಒತ್ತಾಯ ಕೂಡದೆಂಬುದನ್ನು ಸಭೆಗಳು ಬರಹದಲ್ಲಿ ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. 1965ರ ಡಿಸೆಂಬರ್ 7ರಂದು ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ಹೊರಡಿಸಿ, ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಕೂಡದು ಎಂದಿತು. 2011ರಲ್ಲಿ ಜಾಗತಿಕ ಸಭೆಗಳ ಒಕ್ಕೂಟ, ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಪರಿಷತ್ತು, ಸುವಾರ್ತಾವಾದಿಗಳ ಜಾಗತಿಕ ಒಕ್ಕೂಟ ಮೂರೂ ಸೇರಿ ಕ್ರೈಸ್ತ ಸಾಕ್ಷಿಯ ನಡವಳಿಕೆಯ ಕುರಿತು ಒಂದು ದಾಖಲೆ ಪ್ರಕಟಿಸಿದವು. ಲೋಕದ ಬಹುಪಾಲು ಕ್ರೈಸ್ತರನ್ನು ಪ್ರತಿನಿಧಿಸುವ ಈ ಮೂರು ಸಂಸ್ಥೆಗಳು ಇಂಥ ವಿಷಯದಲ್ಲಿ ಒಂದೇ ಬರಹಕ್ಕೆ ಒಪ್ಪಿದ್ದು ಅದೇ ಮೊದಲು. ಸಾಕ್ಷಿ ಹೇಳುವುದು ಸಭೆಯ ಸ್ವಭಾವವೆಂದು ಅದು ಎತ್ತಿಹಿಡಿಯುತ್ತದೆ. ಆಮಿಷ ಒಡ್ಡಿ, ಬಡತನವನ್ನು ಬಳಸಿಕೊಂಡು ಜನರನ್ನು ಸೆಳೆಯುವುದು ಸುವಾರ್ತೆಗೇ ಮಾಡುವ ದ್ರೋಹವೆಂದು ತಿರಸ್ಕರಿಸುತ್ತದೆ. ಬೇರೆ ಧರ್ಮದ ನೆರೆಯವರನ್ನು ಗೌರವಿಸಲು, ಅವರ ವಿಷಯದಲ್ಲಿ ಸುಳ್ಳು ಸಾಕ್ಷಿ ಹೇಳದಿರಲು, ನ್ಯಾಯಕ್ಕಾಗಿ ಅವರ ಜೊತೆ ದುಡಿಯಲು ಹೇಳುತ್ತದೆ. ಈ ದಾಖಲೆಗೆ ಶಿಕ್ಷಿಸುವ ಅಧಿಕಾರವಿಲ್ಲ. ಆಯಾ ದೇಶದ ಸಭೆಗಳು ತಮ್ಮ ತಮ್ಮ ಸನ್ನಿವೇಶಕ್ಕೆ ತಕ್ಕ ನಡವಳಿಕೆಯ ನಿಯಮಗಳನ್ನು, ಆದಷ್ಟು ಮಟ್ಟಿಗೆ ಬೇರೆ ಧರ್ಮದವರೊಡನೆ ಸಮಾಲೋಚಿಸಿ, ತಾವೇ ಬರೆದುಕೊಳ್ಳಬೇಕೆಂದು ಅದು ಕೇಳಿಕೊಂಡಿದೆ.